ಕೆಂಪು ಪಟ್ಟಿಯಿಂದ ಹೋದ ಹೆಸರುಗಳು

ನಾನು ನಿವೃತ್ತಳಾದ ಹೊಸದರಲ್ಲಿ, ನನ್ನ ಜಾಗಕ್ಕೆ ಬಂದಿದ್ದವರು ಫೋನ್ ಮಾಡಿ, "ಮೇಡಂ, ನಿಮ್ಮ ಪ್ರೋಗ್ರಾಮಿನಲ್ಲಿ ಹೆಸರು ಸೇರಿಸೋಕೆ ದಾರಿ ಇದೆ, ಹುಡುಕೋಕೆ ಇದೆ. ಅಳಿಸೋಕೆ ಮಾತ್ರ ಇಲ್ಲ. ಬರೆಯೋದು ಮರ್ತುಬಿಟ್ರಾ?" ಎಂದು ಕೇಳಿದರು. ಮರೆತಿರಲಿಲ್ಲ. ಒಂದು ಕಾಲದಲ್ಲಿ ಇತ್ತು, ನಾನೇ ತೆಗೆದುಹಾಕಿದ್ದೆ. ಯಾಕೆಂದು ಫೋನಿನಲ್ಲಿ ಹೇಳಿ ಮುಗಿಸುವ ವಿಷಯವಾಗಿರಲಿಲ್ಲ. ಆಸ್ಪತ್ರೆಯ ದಾಖಲೆ ಕೆಲಸಕ್ಕೆ ಹೊಸದಾಗಿ ಸೇರುವವರು ಓದಲಿ ಎಂದು ಈಗ ಬರೆಯುತ್ತಿದ್ದೇನೆ. ಧೈರ್ಯ ತುಂಬುವ ಬರಹ ಇದಲ್ಲ.

ನಾನು ಕೆಲಸ ಮಾಡಿದ್ದು ಮೂಡಿಗೆರೆ ಕಡೆಯ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ. ಸುತ್ತಲಿನ ಎಸ್ಟೇಟುಗಳ ಆಳುಗಳು, ಕಳಸ, ಸಂಸೆ ಕಡೆಯಿಂದ ಜೀಪಿನಲ್ಲಿ ಬರುವವರು, ಸಣ್ಣ ಬೆಳೆಗಾರರು, ಎಲ್ಲರೂ ಅಲ್ಲಿಗೇ ಬರುತ್ತಿದ್ದರು. ನಾನು ರೆಕಾರ್ಡ್ ರೂಮಿನ ಗುಮಾಸ್ತೆ. ಕಿಟಕಿಯ ಆಚೆ ಚೀಟಿ ಮಾಡಿಸುವವರ ಸಾಲು, ಈಚೆ ನಾನು, ನನ್ನ ಹಿಂದೆ ಕಾರ್ಡುಗಳ ಕಪಾಟು. ಅದರಲ್ಲಿ ಒಂದು ಡ್ರಾಯರಿಗೆ ಕೆಂಪು ಬಣ್ಣ ಹೊಡೆದಿತ್ತು. ಯಾವುದಾದರೂ ಔಷಧಿ ಮೈಗೆ ಒಗ್ಗದೆ ಜೀವಕ್ಕೆ ಕುತ್ತು ಬಂದವರ ಕಾರ್ಡುಗಳು ಅದರಲ್ಲಿದ್ದವು. ಪೆನಿಸಿಲಿನ್‌ನವರೇ ಹೆಚ್ಚು. ಇಂಜೆಕ್ಷನ್ ರೂಮಿನಿಂದ ಸಿಸ್ಟರ್ ಲಿಲ್ಲಿ ಒಂದು ಹೆಸರು ಕೂಗಿದರೆ ನಾನು ಕೆಂಪು ಡ್ರಾಯರ್ ಎಳೆದು ನೋಡಿ "ಇದ್ದಾರೆ" ಅಥವಾ "ಇಲ್ಲ" ಎನ್ನಬೇಕು. ಇದಲ್ಲದೆ ಅಂಥ ರೋಗಿಗಳಿಗೆ ಒಂದು ಕೆಂಪು ಚೀಟಿಯನ್ನೂ ಕೊಡುತ್ತಿದ್ದೆವು. ಅದು ಮಳೆಗಾಲದಲ್ಲಿ ಒದ್ದೆಯಾಗಿ ಹರಿದುಹೋಗುತ್ತಿತ್ತು, ಇಲ್ಲವೇ ಸೀರೆಯ ಗಂಟಿನಲ್ಲೇ ಒಗೆದುಹೋಗುತ್ತಿತ್ತು.

ತೊಂಬತ್ತರ ದಶಕದ ಮಧ್ಯದಲ್ಲಿ ಟ್ರಸ್ಟಿನವರು ಒಂದು ಕಂಪ್ಯೂಟರ್ ಕೊಡಿಸಿದರು. ಸೂಪರಿಂಟೆಂಡೆಂಟ್ ಡಾಕ್ಟರ್ ವಿಶ್ವನಾಥ್ ನನ್ನನ್ನು ಕರೆದು, "ಸುಮತಿ, ನೀವು ಬಿಎಸ್ಸಿ ಓದಿದೋರು. ಚಿಕ್ಕಮಗಳೂರಲ್ಲಿ ಕ್ಲಾಸ್ ಇದೆಯಂತೆ, ಹೋಗಿ ಕಲಿತು ಬನ್ನಿ. ಆ ಕೆಂಪು ಡ್ರಾಯರ್ ಮೊದಲು ಇದಕ್ಕೆ ಹೋಗಲಿ" ಎಂದರು. ವಾರಕ್ಕೆ ಮೂರು ದಿನ ಮಧ್ಯಾಹ್ನದ ಬಸ್ಸಿನಲ್ಲಿ ಹೋಗಿ ಸಿ ಭಾಷೆ ಕಲಿತೆ. ಅಲ್ಲಿನ ಮೇಷ್ಟ್ರು ನನ್ನ ಸಮಸ್ಯೆ ಕೇಳಿ, ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಒಂದು ಮರದ ಚಿತ್ರ ಬರೆದುಕೊಟ್ಟರು.

"ಹೆಸರನ್ನ ಇಡೀದಾಗಿ ಇಡಬೇಡಿ. ಅಕ್ಷರ ಅಕ್ಷರವಾಗಿ ಬಿಡಿಸಿ. ಬೇರಿನಿಂದ ಮೊದಲನೇ ಅಕ್ಷರಕ್ಕೆ ಒಂದು ಕವಲು, ಅಲ್ಲಿಂದ ಎರಡನೇದಕ್ಕೆ ಒಂದು. ಗಿರಿಜಾ, ಗಿರಿಯಪ್ಪ ಇಬ್ಬರಿಗೂ 'ಗಿರಿ' ತನಕ ಒಂದೇ ದಾರಿ, ಆಮೇಲೆ ಬೇರೆ ಬೇರೆ. ಸಾವಿರ ಹೆಸರಿದ್ರೂ ನೀವು ನಡೆಯೋದು ಹೆಸರಿನ ಉದ್ದದಷ್ಟೇ. ನಾಲ್ಕಕ್ಷರ ಒತ್ತಿದ್ರೆ ಆ ಕೊಂಬೆ ಕೆಳಗಿರೋ ಹೆಸರೆಲ್ಲ ಒಟ್ಟಿಗೆ ಕಾಣ್ತವೆ."

ಸಾಲು ಬೆಳೆದಿರುವಾಗ ಹೆಸರು ಪೂರ್ತಿ ಹೇಳಿ ಮುಗಿಸುವಷ್ಟರಲ್ಲಿ ಉತ್ತರ ಬರುತ್ತದಲ್ಲ ಎಂದು ನನಗೆ ಖುಷಿಯೋ ಖುಷಿ. ಆಗ ಕನ್ನಡದಲ್ಲಿ ಒತ್ತುವ ಅನುಕೂಲ ನಮಗಿರಲಿಲ್ಲ. ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕಿತ್ತು. ಮೊದಲ ಸಲ ಪ್ರತಿ ಕವಲಿಗೂ ಇಪ್ಪತ್ತಾರು ಅಕ್ಷರಗಳಿಗೆ ಜಾಗ ಕಾದಿರಿಸಿ ಬರೆದೆ. ಅರ್ಧ ಡ್ರಾಯರ್ ಮುಗಿಯುವಷ್ಟರಲ್ಲಿ ಯಂತ್ರದ ಮೆಮೊರಿ ತುಂಬಿ ಅದು ಅಲ್ಲಾಡದೆ ನಿಂತುಬಿಟ್ಟಿತು. ಇದ್ದ ಅಕ್ಷರಗಳಿಗೆ ಮಾತ್ರ ಜಾಗ ಕೊಡುವ ಹಾಗೆ ಎಲ್ಲವನ್ನೂ ಮತ್ತೆ ಬರೆದೆ.

ಎರಡನೆಯ ತಪ್ಪು ಬಳಕೆಗೆ ಬಂದ ವಾರವೇ ಗೊತ್ತಾಯಿತು. ಗಿರಿ ಎಂಬೊಬ್ಬರು ಕೆಮ್ಮಿಗೆ ಬಂದರು. ಯಂತ್ರ "ಇದ್ದಾರೆ" ಎಂದಿತು. ಅವರಿಗೆ ಬೇರೆ ಔಷಧಿ ಕೊಟ್ಟು ಕಳಿಸಿದರು. ಆಮೇಲೆ ನೋಡಿದರೆ ಕೆಂಪು ಪಟ್ಟಿಯಲ್ಲಿ ಇದ್ದದ್ದು ಗಿರಿಜಾ ಮಾತ್ರ. ಅಕ್ಷರಗಳ ದಾರಿ ಇದ್ದರೆ ಸಾಕು ಎಂದುಕೊಂಡಿದ್ದೆ. ಹೆಸರು ಎಲ್ಲಿ ಮುಗಿಯುತ್ತದೋ ಅಲ್ಲಿ ಒಂದು ಗುರುತು ಇಡಬೇಕು ಎನ್ನುವುದು ಹೊಳೆದಿರಲಿಲ್ಲ. ಗುರುತು ಸೇರಿಸಿದೆ. ಆ ಗುರುತಿನ ಜಾಗದಲ್ಲೇ ಊರು, ವಯಸ್ಸು, ಒಗ್ಗದ ಔಷಧಿ ಬರುವಂತೆ ಮಾಡಿದೆ. ಡಾಕ್ಟರು ಬೈದರು, ಆದರೆ ನಗುತ್ತಲೇ ಬೈದರು. ಇಲ್ಲದವರನ್ನು ಇದ್ದಾರೆ ಎಂದದ್ದಕ್ಕೆ ಯಾರಿಗೂ ಏನೂ ಆಗಿರಲಿಲ್ಲ.

ಆಮೇಲೆ ಒಂದು ವರ್ಷ ಎಲ್ಲ ಚೆನ್ನಾಗಿ ನಡೆಯಿತು. ಅಷ್ಟು ಚೆನ್ನಾಗಿ ನಡೆದದ್ದರಿಂದಲೇ ಡಾಕ್ಟರು, "ಇನ್ನು ಕೆಂಪು ಚೀಟಿ ಕೊಡೋದು ಬೇಡ. ಹೇಗೂ ಕಳಕೊಳ್ತಾರೆ. ಕಂಪ್ಯೂಟರಿಗೆ ಮರೆವಿಲ್ಲವಲ್ಲ" ಎಂದರು. ಹಳೆಯ ಕಾರ್ಡುಗಳನ್ನು ಕಟ್ಟಿ ಅಟ್ಟಕ್ಕೆ ಹಾಕಿದೆವು. ತಿಂಗಳಿಗೊಮ್ಮೆ ಪಟ್ಟಿಯನ್ನು ಮುದ್ರಿಸಿ ದಾರ ಕಟ್ಟಿ ಇಡುವುದು ಮಾತ್ರ ನನ್ನ ಅಭ್ಯಾಸವಾಗಿ ಉಳಿಯಿತು. ಅದನ್ನು ತೆರೆದು ನೋಡಿದ್ದಿಲ್ಲ.

ಮಾಗಿಯ ಒಂದು ಬೆಳಿಗ್ಗೆ ಮುತ್ತು ಬಂದ. ಸಂಸೆ ಹತ್ತಿರದ ತೋಟದ ಆಳು. ಮರಗಸಿ ಮಾಡುವಾಗ, ಎಂದರೆ ನೆರಳಿನ ಮರದ ಕೊಂಬೆ ಕಡಿಯುವಾಗ, ಕತ್ತಿ ಜಾರಿ ಪಾದಕ್ಕೆ ಬಿದ್ದಿತ್ತು. ನಾಲ್ಕು ದಿನ ಅರಿಶಿನ ಕಟ್ಟಿಕೊಂಡು ಓಡಾಡಿ ಗಾಯ ಕೀವಾಗಿತ್ತು. ಜೊತೆಗೆ ಅವನ ಹೆಂಡತಿ ಸೆಲ್ವಿ. ಇಂಜೆಕ್ಷನ್ ರೂಮಿನಿಂದ ಸಿಸ್ಟರ್ ಲಿಲ್ಲಿ ತಲೆ ಹೊರಗೆ ಹಾಕಿದರು.

"ಸುಮತೀ, ಮುತ್ತು, ಸಂಸೆ. ಪೆನಿಸಿಲಿನ್. ಹಿಂದೆ ಒಂದ್ಸಲ ಎಂತದೋ ಸೂಜಿ ಚುಚ್ಚಿದಾಗ ತಲೆ ತಿರುಗಿತ್ತು ಅಂತಾನೆ. ಸ್ವಲ್ಪ ನೋಡು ಮಾರಾಯ್ತಿ."

ನಾನು ಒತ್ತಿದೆ. ಎಂ, ಯು, ಟಿ, ಎಚ್, ಯು.

"ಇಲ್ಲ ಸಿಸ್ಟರ್."

"ಸರಿಯಾಗಿ ನೋಡಿದ್ಯಾ?"

"ನೋಡ್ದೆ. ಇಲ್ಲ. ಕೊಡಿ."

ಈ ಮೂರು ಮಾತು ನನಗೆ ಇಂದಿಗೂ ನನ್ನದೇ ದನಿಯಲ್ಲಿ ಕೇಳಿಸುತ್ತವೆ. ಹೊರಗೆ ಮೂವತ್ತು ಜನ ಕಾಯುತ್ತಿದ್ದರು. ನಾನು ಮುಂದಿನವರ ಚೀಟಿ ಬರೆಯತೊಡಗಿದೆ. ಅದನ್ನು ಬರೆದು ಮುಗಿಸಿರಲಿಲ್ಲ, ಸೆಲ್ವಿ ಕಿರುಚಿದ್ದು ಕೇಳಿಸಿತು. ಟ್ರೇ ಒಂದು ನೆಲಕ್ಕೆ ಬಿತ್ತು. ಡಾಕ್ಟರು ಓಡಿದರು. ಬಾಗಿಲಿನಿಂದ ನನಗೆ ಕಂಡದ್ದು ಮುತ್ತುವಿನ ಮುಖ. ತುಟಿ, ಕಣ್ಣು ಊದಿಹೋಗಿದ್ದವು. ಅವನು ಉಸಿರನ್ನು ಒಳಗೆ ಎಳೆಯಲು ಹೋಗುತ್ತಿದ್ದ, ಅದು ಸಿಳ್ಳೆಯ ಹಾಗೆ ಸದ್ದು ಮಾಡುತ್ತಿತ್ತು, ಒಳಗೆ ಹೋಗುತ್ತಿರಲಿಲ್ಲ.

ನಾನು ಅಲ್ಲಿ ನಿಲ್ಲಲಿಲ್ಲ. ಹಿಂದಕ್ಕೆ ಬಂದು ಮತ್ತೆ ಹೆಸರು ಒತ್ತಿದೆ. ಇಲ್ಲ. ಮತ್ತೆ ಒತ್ತಿದೆ. ಇಲ್ಲ. ಕೊನೆಗೆ ಕಪಾಟಿನಿಂದ ಮುದ್ರಿಸಿದ ಪಟ್ಟಿಗಳ ಕಟ್ಟು ತೆಗೆದು ಹೋದ ತಿಂಗಳದ್ದನ್ನು ಬಿಡಿಸಿದೆ. ಮುತ್ತು, ಸಂಸೆ, ಮೂವತ್ತನಾಲ್ಕು, ಪೆನಿಸಿಲಿನ್. ಅದರ ಕೆಳಗಿನ ಸಾಲಿನಲ್ಲೇ ಮುತ್ತುಲಕ್ಷ್ಮಿ. ಆ ಹೆಂಗಸಿನ ಹೆಸರು ತಪ್ಪಾಗಿ ಸೇರಿದೆ, ತೆಗೆಯಿರಿ ಎಂದು ಡಾಕ್ಟರು ಹತ್ತು ದಿನದ ಹಿಂದೆ ಹೇಳಿದ್ದರು, ನಾನು ತೆಗೆದಿದ್ದೆ. ತೆಗೆದದ್ದು ಒಂದು, ಹೋದದ್ದು ಎರಡು.

ನನ್ನ ಕೈ ತಾನಾಗಿ ಪಟ್ಟಿಯನ್ನು ಮಡಚಿ, ದಾರ ಕಟ್ಟಿ, ಕಪಾಟಿನೊಳಗೆ ಇಟ್ಟಿತು. ಬೀಗವನ್ನೂ ಹಾಕಿತು.

ಮುತ್ತು ಬದುಕಿದ. ಡಾಕ್ಟರು ಮೂರು ತಾಸು ಅವನ ಪಕ್ಕದಿಂದ ಏಳಲಿಲ್ಲ. ಸಂಜೆಯ ಹೊತ್ತಿಗೆ ಅವನ ಉಸಿರು ಸರಿಹೋಯಿತು. ಆಮೇಲೆ ಡಾಕ್ಟರು ಸಿಸ್ಟರ್ ಲಿಲ್ಲಿಯನ್ನೂ ನನ್ನನ್ನೂ ತಮ್ಮ ಕೋಣೆಗೆ ಕರೆದರು.

"ಟೆಸ್ಟ್ ಡೋಸ್ ಅಂತ ಒಂಚೂರು ಕೊಟ್ಟು ಕಾಯದೆ ಯಾಕೆ ಪೂರ್ತಿ ಚುಚ್ಚಿದ್ರಿ ಸಿಸ್ಟರ್?"

"ತುಂಬ ರಶ್ ಇತ್ತು ಸಾರ್. ಸುಮತಿ ಇಲ್ಲ ಅಂದ್ರು, ಅದಕ್ಕೇ..."

ಡಾಕ್ಟರು ನನ್ನ ಕಡೆ ತಿರುಗಿದರು.

"ಕಂಪ್ಯೂಟರಲ್ಲಿ ಇರಲಿಲ್ಲ ಸಾರ್" ಎಂದೆ.

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಸಿಸ್ಟರ್ ಲಿಲ್ಲಿಯನ್ನು ವಿಚಾರಣೆ ಮುಗಿಯುವವರೆಗೆ ಮನೆಯಲ್ಲಿರಲು ಹೇಳಿದರು. ಹದಿನೆಂಟು ವರ್ಷ ಕೆಲಸ ಮಾಡಿದ್ದ ಹೆಂಗಸು ಚೀಲ ತೆಗೆದುಕೊಂಡು ಹೋದರು.

ಮೂರು ದಿನ ನಾನು ಕಿಟಕಿಯ ಹಿಂದೆ ಕೂತು ಕೆಲಸ ಮಾಡಿದೆ. ಯಾರು ಹೆಸರು ಹೇಳಿದರೂ "ಇಲ್ಲ" ಎನ್ನಲು ಬಾಯಿ ಬರುತ್ತಿರಲಿಲ್ಲ. "ಟೆಸ್ಟ್ ಡೋಸ್ ಕೊಟ್ಟೇ ನೋಡಿ" ಎನ್ನುತ್ತಿದ್ದೆ. ಕೆಲಸ ಹೋದರೆ ಇಬ್ಬರು ಮಕ್ಕಳನ್ನು ಹೇಗೆ ಸಾಕುವುದು ಎನ್ನುವ ಭಯ ಒಂದು. ಪೊಲೀಸರು ಬರುತ್ತಾರೆ ಎನ್ನುವ ಭಯ ಇನ್ನೊಂದು. ಆದರೆ ಊಟ ಸೇರದಂತೆ ಮಾಡಿದ್ದು ಇವೆರಡೂ ಅಲ್ಲ. ಹೆಸರು ಹೋದದ್ದು ಹೇಗೆ ಎಂದೇ ನನಗೆ ತಿಳಿದಿರಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಕ್ಯಾಲೆಂಡರಿನ ಬೆನ್ನಿಗೆ ಮುತ್ತು, ಮುತ್ತುಲಕ್ಷ್ಮಿ ಎರಡನ್ನೂ ಕವಲು ಕವಲಾಗಿ ಬರೆದು, ಯಂತ್ರ ಮಾಡುವ ಹಾಗೆಯೇ ರಬ್ಬರ್ ಹಿಡಿದು ಅಳಿಸುತ್ತ ಬಂದೆ. ಹೆಸರನ್ನು ತೆಗೆಯುವಾಗ ಕೊನೆಯ ಅಕ್ಷರದಿಂದ ಹಿಂದಕ್ಕೆ ಬಾ, ಬೇರೆ ಕವಲು ಇಲ್ಲದ ಅಕ್ಷರಗಳನ್ನೆಲ್ಲ ಕಿತ್ತುಹಾಕು ಎಂದು ಬರೆದಿದ್ದೆ. ಹಾಗೆ ಬರುವಾಗ ದಾರಿಯಲ್ಲಿ ಇನ್ನೊಂದು ಹೆಸರು ಮುಗಿದ ಗುರುತು ಸಿಕ್ಕರೆ ನಿಲ್ಲು ಎಂದು ಬರೆದಿರಲಿಲ್ಲ. 'ಲಕ್ಷ್ಮಿ'ಯನ್ನು ಕಿತ್ತ ಯಂತ್ರ 'ಮುತ್ತು'ವಿನ ಕೊನೆಯ ಅಕ್ಷರಕ್ಕೆ ಬಂದಾಗ ಅಲ್ಲಿ ಬೇರೆ ಕವಲು ಇರಲಿಲ್ಲ. ಅದನ್ನೂ ಕಿತ್ತಿತು. ನಾನು ಪರೀಕ್ಷೆ ಮಾಡಿದ್ದು ರಾಮ, ರಾಮಪ್ಪ, ರಾಮಣ್ಣ ಎಂಬ ಹೆಸರುಗಳಲ್ಲಿ. ರಾಮಪ್ಪನನ್ನು ತೆಗೆದರೂ ರಾಮಣ್ಣನ ಕವಲು ಅಡ್ಡ ನಿಂತು ರಾಮನನ್ನು ಉಳಿಸಿತ್ತು. ಮೂರು ಹೆಸರಿಗೆ ಬದಲಾಗಿ ಎರಡೇ ಹೆಸರು ಹಾಕಿ ನೋಡಿದ್ದರೆ ಅಂದೇ ಗೊತ್ತಾಗುತ್ತಿತ್ತು.

ಕ್ಯಾಲೆಂಡರ್ ಹಾಳೆ, ಪಟ್ಟಿಯ ಕಟ್ಟು ಎರಡನ್ನೂ ತೆಗೆದುಕೊಂಡು ಡಾಕ್ಟರ ಕೋಣೆಗೆ ಹೋದೆ. ಅವರು ಹೇಳುವ ಮೊದಲೇ ಕೂತುಬಿಟ್ಟೆ. ಎಲ್ಲ ಹೇಳಿದೆ. ಅವರು ಪಟ್ಟಿಯಲ್ಲಿ ಮುತ್ತುವಿನ ಸಾಲಿನ ಮೇಲೆ ಬೆರಳಿಟ್ಟರು.

"ಈ ಕಾಗದ ಇನ್ಯಾರು ನೋಡಿದ್ದಾರೆ?"

"ಯಾರೂ ಇಲ್ಲ ಸಾರ್."

"ಹೊರಗೆ ಗೊತ್ತಾದ್ರೆ ನಾಳೆಯಿಂದ ಆಸ್ಪತ್ರೆಗೆ ಯಾರೂ ಬರಲ್ಲ. ಚೀಟಿ ನಿಲ್ಲಿಸಿದ್ದು ನಾನು. ಅದೂ ಗೊತ್ತಲ್ಲ ನಿಮಗೆ?" ಎಂದು ಪಟ್ಟಿಯನ್ನು ತಮ್ಮ ಮೇಜಿನ ಡ್ರಾಯರ್ ಕಡೆ ಸರಿಸಿದರು.

ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಮೂರು ದಿನದ ಹಿಂದೆ ನಾನು ಮಾಡಿದ್ದೂ ಅದನ್ನೇ. "ಸಿಸ್ಟರ್ ಲಿಲ್ಲಿ ಮನೇಲಿ ಕೂತಿದ್ದಾರೆ ಸಾರ್" ಎಂದೆ. 

ಅವರು ಕನ್ನಡಕ ತೆಗೆದು ಮುಖ ಒರೆಸಿಕೊಂಡರು. ಆಮೇಲೆ ಪಟ್ಟಿಯನ್ನು ನನ್ನ ಕಡೆಗೇ ತಳ್ಳಿ, ಟ್ರಸ್ಟಿಗೆ ಕಾಗದ ಬರೆಯಲು ಕೂತರು. ಚೀಟಿಯ ವಿಷಯವನ್ನೂ ಬರೆದರು.

ಸಿಸ್ಟರ್ ಲಿಲ್ಲಿ ಮರುದಿನ ಬಂದರು. ನೇರ ನನ್ನ ಕಿಟಕಿಗೇ ಬಂದು, "ಮೂರು ದಿನ ಸುಮತಿ" ಎಂದರು. "ಮೂರು ದಿನ ನಾನು ಈ ಕೈಯನ್ನೇ ನೋಡ್ತಾ ಕೂತಿದ್ದೆ. ನಿಂಗೆ ಗೊತ್ತಿತ್ತು." 

ಅಂದೇ ವಾರ್ಡಿಗೆ ಹೋಗಿ ಮುತ್ತುವಿಗೂ ಸೆಲ್ವಿಗೂ ಹೇಳಿದೆ. ಮುತ್ತು ಚಾವಣಿ ನೋಡುತ್ತ, "ನಾನು ಹೇಳಿದ್ದೆ ಅಕ್ಕಾ, ತಲೆ ತಿರುಗಿತ್ತು ಅಂತ" ಎಂದ. ಬೈದಿದ್ದರೆ ಚೆನ್ನಾಗಿತ್ತು. ಸೆಲ್ವಿ ಕಿತ್ತಳೆ ಸುಲಿಯುತ್ತಿದ್ದವಳು ಕೈ ನಿಲ್ಲಿಸಿ ನನ್ನ ಮುಖ ನೋಡಿದಳು.

"ಇವ್ರ ಹೆಸರು ಒಂದೇ ಹೋಗಿದ್ದಾ? ಬೇರೆಯವ್ರದ್ದು?"

 ಮುತ್ತುಲಕ್ಷ್ಮಿಯನ್ನು ತೆಗೆದದ್ದೊಂದೇ ಅಳಿಸುವ ಕೆಲಸ ಎಂದುಕೊಂಡಿದ್ದೆ. ಆದರೆ ಒಂದು ವರ್ಷದಿಂದ ಹೆಸರಿನ ಕಾಗುಣಿತ ತಪ್ಪಿದಾಗೆಲ್ಲ ತಿದ್ದುತ್ತಲೇ ಇದ್ದೆ. ತಿದ್ದುವುದೆಂದರೆ ಯಂತ್ರದ ಒಳಗೆ ಹಳೆಯದನ್ನು ಅಳಿಸಿ ಹೊಸದನ್ನು ಸೇರಿಸುವುದು. ಎಷ್ಟು ಸಲ ತಿದ್ದಿದ್ದೆನೋ ಲೆಕ್ಕವಿರಲಿಲ್ಲ.

ಅಟ್ಟದಿಂದ ಕೆಂಪು ಕಾರ್ಡುಗಳನ್ನು ಇಳಿಸಿದೆವು. ಎಲ್ಲ ತಿಂಗಳ ಪಟ್ಟಿಗಳನ್ನೂ ಬಿಡಿಸಿದೆವು. ಸಿಸ್ಟರ್ ಲಿಲ್ಲಿ ಕಾರ್ಡ್ ಓದುವುದು, ನಾನು ಯಂತ್ರದಲ್ಲಿ ನೋಡುವುದು. "ಇದ್ದಾರೆ." "ಇದ್ದಾರೆ." "ಇದ್ದಾರೆ." "ಇಲ್ಲ" ಎಂದಾಗಲೆಲ್ಲ ಅವರು ಕಾರ್ಡನ್ನು ಬೇರೆ ಕಡೆ ಇಡುತ್ತಿದ್ದರು. ಎರಡು ದಿನ ಮುಗಿಯುವಾಗ ಮುತ್ತುವಲ್ಲದೆ ಇನ್ನೂ ಒಂಬತ್ತು ಕಾರ್ಡುಗಳು ಆ ಕಡೆ ಇದ್ದವು.

ಹೆಸರನ್ನು ಯಂತ್ರಕ್ಕೆ ಮತ್ತೆ ಸೇರಿಸುವುದು ಹತ್ತು ನಿಮಿಷದ ಕೆಲಸ. ಆದರೆ ಈ ನಡುವೆ ಅವರಿಗೆ ಏನಾಗಿದೆ? ಆಸ್ಪತ್ರೆಯ ಜೀಪಿನಲ್ಲಿ ನಾವಿಬ್ಬರೂ ಹೊರಟೆವು. ದಾರಿಯುದ್ದಕ್ಕೂ ಸಿಸ್ಟರ್ ಲಿಲ್ಲಿ ಮಾತಾಡುತ್ತಿರಲಿಲ್ಲ. ಆಳುಗಳ ಪ್ರತಿ ಲೈನ್ ಮನೆಯ ಮುಂದೆ ಜೀಪ್ ನಿಂತಾಗಲೂ ನನಗೆ ಇಳಿಯಲು ಭಯ. ಕಳಸದ ಹತ್ತಿರ ಒಂದು ಮನೆಯ ಅಂಗಳದಲ್ಲಿ ಏಳೆಂಟು ಜನ ಗುಂಪಾಗಿ ನಿಂತಿದ್ದರು. ನಾನು ಜೀಪಿನ ಕಂಬಿ ಹಿಡಿದವಳು ಬಿಡಲೇ ಇಲ್ಲ. ಸಿಸ್ಟರ್ ಒಬ್ಬರೇ ಹೋಗಿ ಬಂದು, "ಹಸು ಕರು ಹಾಕಿದೆ ಮಾರಾಯ್ತಿ, ಇಳಿ" ಎಂದರು. ನನಗೆ ಅಳು ಬಂತು. ಮನೆಯಿಂದ ಮರಳಿ ಬಂದ ಮೇಲೆ ಅವರು ನನಗೆ ಮಾರಾಯ್ತಿ ಎಂದದ್ದು ಅದೇ ಮೊದಲು.

ಎಂಟು ಜನ ಸಿಕ್ಕರು. ಎಂಟೂ ಜನರ ಕೈಗೆ ಪ್ಲಾಸ್ಟಿಕ್ ಹಾಕಿದ ಕೆಂಪು ಚೀಟಿ ಕೊಟ್ಟು, ಎದುರಿಗೇ ಓದಿ ಹೇಳಿ ಬಂದೆವು. ಒಂಬತ್ತನೆಯವಳು ಕಾವೇರಿ, ಮಲ್ಲಂದೂರಿನ ಒಂದು ಎಸ್ಟೇಟಿನಲ್ಲಿದ್ದವಳು. ಅಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರು ರಿಜಿಸ್ಟರ್ ತಿರುವಿ, "ಆ ಗ್ಯಾಂಗ್ ಬಿಟ್ಟು ಹೋಗಿ ಐದು ತಿಂಗಳಾಯ್ತಲ್ಲ. ಕೊಡಗಿಗೆ ಹೋದ್ರೋ, ಸಕಲೇಶಪುರಕ್ಕೆ ಹೋದ್ರೋ ಯಾರಿಗೆ ಗೊತ್ತು. ಮೇಸ್ತ್ರಿಯೂ ಅವರ ಜೊತೆಗೇ ಹೋದ" ಎಂದರು. ಮೂರು ಸಲ ಹೋಗಿ ಕೇಳಿದೆವು. ಕಾಗದ ಬರೆದೆವು. ಸಿಗಲಿಲ್ಲ.

ನನಗೆ ಒಂದು ಮೆಮೊ ಬಂತು, ಕೆಲಸ ಉಳಿಯಿತು. ಅಳಿಸುವ ಭಾಗವನ್ನು ಪ್ರೋಗ್ರಾಮಿನಿಂದಲೇ ಕಿತ್ತುಹಾಕಿದೆ. ತಪ್ಪು ಹೆಸರಿಗೆ 'ರದ್ದು' ಎಂಬ ಗುರುತು ಹಾಕಿ, ಕಾರಣ ಬರೆದು, ಅಲ್ಲೇ ಬಿಡುವ ಪದ್ಧತಿ ತಂದೆ. ಟೆಸ್ಟ್ ಡೋಸ್ ಇಲ್ಲದೆ ಯಾರಿಗೂ ಚುಚ್ಚಬಾರದು ಎಂದಾಯಿತು. ನನ್ನದೇ ಇನ್ನೊಂದು ನಿಯಮವನ್ನೂ ಮಾಡಿಕೊಂಡೆ. ಯಂತ್ರ "ಇಲ್ಲ" ಎಂದರೆ ಅದನ್ನು ಬಾಯಿಂದ ಹೇಳುವ ಮೊದಲು ಹೆಸರಿನ ಕೊನೆಯ ಮೂರು ನಾಲ್ಕು ಅಕ್ಷರ ಬಿಟ್ಟು ಹಿಂದಕ್ಕೆ ಬಂದು, ಆ ಕೊಂಬೆಯ ಕೆಳಗೆ ಯಾರ್ಯಾರಿದ್ದಾರೆ ಎಂದು ಓದುವುದು. ಸಾಲಿನಲ್ಲಿ ನಿಂತವರು ಗೊಣಗಿದರೂ ಬಿಡುತ್ತಿರಲಿಲ್ಲ.

ಎರಡು ಸಾವಿರದ ನಂತರ ಹೊಸ ಯಂತ್ರಗಳು ಬಂದವು. ದುಡ್ಡು ಕೊಟ್ಟು ತಂದ ಸಾಫ್ಟ್‌ವೇರ್ ಬಂತು. ಅದರಲ್ಲಿ ಹೆಸರನ್ನು ಪೂರ್ತಿ ಸರಿಯಾಗಿ ಒತ್ತಿದರೆ ಮಾತ್ರ ಉತ್ತರ. ಡಾಕ್ಟರ್ ವಿಶ್ವನಾಥ್ ನಿವೃತ್ತರಾಗಿ ಹೊಸಬರು ಬಂದಿದ್ದರು. "ಇನ್ನೂ ಆ ಹಳೇದನ್ನ ಯಾಕೆ ಇಟ್ಕೊಂಡಿದ್ದೀರಿ?" ಎಂದು ಅವರು ಕೇಳುತ್ತಿದ್ದರು. ಕೆಂಪು ಪಟ್ಟಿಯ ಮಟ್ಟಿಗೆ ಇರಲಿ ಸಾರ್ ಎಂದು ಬೇಡಿಕೊಂಡು ಮೂಲೆಯಲ್ಲಿ ಉಳಿಸಿಕೊಂಡಿದ್ದೆ.

ಕಾವೇರಿ ಹೋಗಿ ಏಳೆಂಟು ವರ್ಷಗಳಾಗಿದ್ದ ಒಂದು ದಿನ, ಊಟದ ಹೊತ್ತಿಗೆ ಫೋನ್ ಬಂತು. ಸಕಲೇಶಪುರ ಕಡೆಯ ಒಂದು ನರ್ಸಿಂಗ್ ಹೋಮಿನ ಡಾಕ್ಟರು.

"ಇಲ್ಲೊಬ್ಬರು ಹೆಂಗಸು, ಕಾಲಿಗೆ ಸೆಪ್ಟಿಕ್ ಆಗಿದೆ. ಯಾವುದೋ ಸೂಜಿ ತಗೋಬಾರ್ದು ಅಂತ ನಿಮ್ಮ ಆಸ್ಪತ್ರೇಲಿ ಹೇಳಿದ್ರಂತೆ. ಯಾವುದು ಅಂತ ನೆನಪಿಲ್ಲ. ಸ್ವಲ್ಪ ನೋಡ್ತೀರಾ? ಹೆಸರು ಕಾವೇರಮ್ಮ."

ಹೊಸ ಯಂತ್ರ ಇಲ್ಲ ಎಂದಿತು. ಹಳೆಯದರ ಮುಂದೆ ಕೂತು ಪೂರ್ತಿ ಹೆಸರು ಒತ್ತಿದೆ. ಅದೂ ಇಲ್ಲ ಎಂದಿತು. ನಾಲ್ಕು ಅಕ್ಷರ ಹಿಂದಕ್ಕೆ ಬಂದೆ. ಪರದೆಯ ಮೇಲೆ ಒಂದೇ ಒಂದು ಸಾಲು ಮೂಡಿತು. ಕಾವೇರಿ, ಮಲ್ಲಂದೂರು, ಪೆನಿಸಿಲಿನ್. ಅಷ್ಟು ವರ್ಷ ಆ ಸಾಲನ್ನು ನೋಡಿದಾಗಲೆಲ್ಲ ಅವಳು ಎಲ್ಲೋ ಸೂಜಿಗೆ ತೋಳು ಮುಂದೆ ಮಾಡಿ ಕೂತಿದ್ದಾಳೆ ಎಂದು ಅನಿಸುತ್ತಿತ್ತು. ಆ ಸಾಲನ್ನೇ ಮತ್ತೆ ಓದಿದೆ.

"ಹಲೋ? ಇಲ್ವಾ? ಇಲ್ಲ ಅಂದ್ರೆ ಹೇಳಿ, ನಾನು ಶುರು ಮಾಡ್ತೀನಿ."

"ತಡೀರಿ" ಎಂದು ಕೂಗಿಯೇಬಿಟ್ಟೆ. "ಅವರು ಹಿಂದೆ ಮಲ್ಲಂದೂರಲ್ಲಿ ಕೆಲಸಕ್ಕಿದ್ರಾ ಕೇಳಿ."

ರಿಸೀವರಿನ ಆಚೆ ಮಾತು ಅಸ್ಪಷ್ಟವಾಗಿ ಕೇಳಿಸಿತು. ಡಾಕ್ಟರು ಕೇಳುತ್ತಿದ್ದರು. ಯಾರೋ ಕೆಮ್ಮಿದರು. ಆಮೇಲೆ ಒಂದು ಹೆಣ್ಣು ದನಿ, "ಹೌದು ಸಾಮಿ, ಮಲ್ಲಂದೂರೇ. ನಂಗೆ ಅಲ್ಲಿ ಕಾವೇರಿ ಅಂತಿದ್ರು."

"ಪೆನಿಸಿಲಿನ್ ಕೊಡಬೇಡಿ ಡಾಕ್ಟ್ರೇ. ದಮ್ಮಯ್ಯ, ಕೊಡಬೇಡಿ. ಬರ್ಕೊಳ್ಳಿ."

"ಕೈಯಲ್ಲಿ ಅದೇ ಇತ್ತು" ಎಂದರು ಅವರು, ನಿಧಾನವಾಗಿ. ಸ್ಟೀಲ್ ಟ್ರೇಯಲ್ಲಿ ಏನನ್ನೋ ಇಟ್ಟ ಸದ್ದು ಕೇಳಿಸಿತು. "ಥ್ಯಾಂಕ್ಸ್ ಮೇಡಂ."

ಫೋನ್ ಇಟ್ಟ ಮೇಲೆ ಇಂಜೆಕ್ಷನ್ ರೂಮಿಗೆ ಹೋದೆ. ಸಿಸ್ಟರ್ ಲಿಲ್ಲಿಯ ನಿವೃತ್ತಿಗೆ ಆಗ ಮೂರು ವಾರ ಉಳಿದಿತ್ತು. ಊಟದ ಡಬ್ಬಿ ತೆರೆದು ಕೂತಿದ್ದರು. "ಕಾವೇರಿ ಸಿಕ್ಕಿದ್ಲು" ಎಂದೆ. ಅವರು ಕೈಯ ತುತ್ತನ್ನು ಡಬ್ಬಿಗೇ ಹಾಕಿ, "ಇದ್ದಾಳಾ?" ಎಂದು ಕೇಳಿದರು.

"ಇದ್ದಾಳೆ."

ಅವರು ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು.